ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಾನು ಓದಿದ ಬೋರ್ಡು

ಆ ದಿನ ರಾಮಗಿರಿಯ ಬಸ್ಸು ನಮ್ಮ ಕಣ್ಣೆದುರಿಗೇ ನಿಂತಿತ್ತು. ಅದು ನಮ್ಮ ಬಸ್ಸಲ್ಲ ಅಂತ ಸುಳ್ಳು ಹೇಳಿದವನು ನಾನು — ಹೆತ್ತ ಅಪ್ಪನಿಗೆ. ನಲವತ್ತು ವರ್ಷದ ಮೇಲಾಯಿತು, ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಈಗ ಯಾಕೆ ಹೇಳುತ್ತಿದ್ದೀನಿ ಅಂದರೆ, ನನ್ನ ಮನೆಯಲ್ಲಿ ತೊಟ್ಟಿಲು ಕಟ್ಟಿದೆ. ಮೊಮ್ಮಗಳು! ಇಪ್ಪತ್ತು ದಿನದ ಕೂಸು. ನನ್ನ ಬೆರಳು ಹಿಡಿದರೆ ಬಿಡುವುದೇ ಇಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸುತ್ತೇನೆ. ಸಂತೋಷ ತುಂಬಿ ತುಳುಕುವಾಗ ತಳದಲ್ಲಿದ್ದದ್ದೂ ಮೇಲೆ ಬರುತ್ತದೋ ಏನೋ —

ನಮ್ಮೂರು ಹಿರಿಯೂರಿನ ಹತ್ತಿರ. ಕುರಿ ಕಾಯುವ ಮನೆ. ಅಪ್ಪ ಅಕ್ಷರ ಕಂಡವನಲ್ಲ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಇಪ್ಪತ್ತರ ಹುಡುಗ. ಬೆರಳಿಟ್ಟು ಕೂಡಿಸಿ ಓದುತ್ತಿದ್ದೆ. ಅಷ್ಟಕ್ಕೇ ಅಪ್ಪನಿಗೆ ಹೆಮ್ಮೆ. ಆ ಸಲ ನಾವು ಹೊರಟಿದ್ದು ರಾಮಗಿರಿಗೆ, ಅಪ್ಪನ ಒಬ್ಬಳೇ ತಂಗಿಯ ಮನೆಗೆ. ಅವಳ ಮಗಳನ್ನು ನನಗೆ ತರುವುದೆಂದು ಮಾತಾಗಿತ್ತು. ಅವತ್ತು ಹಿರಿಯರ ಮುಂದೆ ಎಲೆ-ಅಡಿಕೆ ಬದಲಾಯಿಸಬೇಕಿತ್ತು.

ನನ್ನ ಮನಸ್ಸು ಮಾತ್ರ ಮದಕರಿಪುರದಲ್ಲಿತ್ತು. ಹಿಂದಿನ ವರ್ಷ ಅಲ್ಲಿಗೆ ಈರುಳ್ಳಿ ಕೀಳಲು ಹೋಗಿದ್ದೆ. ಹೊಲದವರ ಮಗಳು ರತ್ನ ನನ್ನ ಕೆಲಸ ನೋಡಿ, “ನಿನ್ನ ಕೈಗಿಂತ ಕುರಿ ಬಾಯಿ ಚುರುಕೈತೆ ಬಿಡು” ಅಂದಿದ್ದಳು. ಅಷ್ಟೇ. ಅಷ್ಟು ಸಾಕಾಗಿತ್ತು ನನಗೆ.

ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಒಂದು ಬಸ್ಸಿಗೆ ಕೈ ತೋರಿಸಿದ. “ಇದೇನಾ ನಮ್ದು? ಬೋರ್ಡು ಓದಲೇ.”

ಹೊಳಲ್ಕೆರೆ, ರಾಮಗಿರಿ — ದಪ್ಪ ಅಕ್ಷರದಲ್ಲಿತ್ತು.

“ಅಲ್ಲಪ್ಪ, ಇದು ಜಗಳೂರಿಂದು. ನಮ್ದು ಇರೋದು ಸಂಜೀಕೆ ಒಂದೇ ಅಂತೆ. ಅಲ್ಲಿಗಂಟ ಮದಕರಿಪುರಕ್ಕೆ ಹೋಗಿ ಬರಾಣ, ಗುರುತಿನೋರ ಮನೆ ಐತೆ.”

ಕಂಡಕ್ಟರನ್ನು ಕೇಳಬಹುದಿತ್ತು ಅವನು. ಕೇಳಲಿಲ್ಲ. ಓದಿದ ಮಗ ಪಕ್ಕದಲ್ಲೇ ಇದ್ದನಲ್ಲ —

ಎಂಥ ಚೆಂದದ ಮಧ್ಯಾಹ್ನ ಅದು! ಬೇವಿನ ನೆರಳಲ್ಲಿ ಕಂಬಳಿ ಹಾಸಿ ಕೂರಿಸಿದರು. ರತ್ನ ಮಜ್ಜಿಗೆ ತಂದಳು. ಅವಳಪ್ಪನ ಜೊತೆ ಕುರಿಗಳ ಮಾತಾಡುತ್ತ ಅಪ್ಪ ನಕ್ಕ ನಗು ಈಗಲೂ ಕಿವಿಯಲ್ಲಿದೆ. ನಡುನಡುವೆ ಹೊತ್ತು ನೋಡಿ, “ಬಸ್ಸಿನ ಟೈಮಾತೇನಲೇ?” ಅನ್ನುತ್ತಿದ್ದ. “ಇನ್ನೂ ಐತಪ್ಪ” ಅನ್ನುತ್ತಿದ್ದೆ. ನಾಲ್ಕು ಸಲ ಕೇಳಿದ. ನಾವು ದುರ್ಗಕ್ಕೆ ವಾಪಸಾಗುವಷ್ಟರಲ್ಲಿ ಕೊನೆಯ ಬಸ್ಸೂ ಹೋಗಿತ್ತು.

ಮರುದಿನ ಬೆಳಿಗ್ಗೆ ರಾಮಗಿರಿ ಮುಟ್ಟಿದೆವು. ಹಿರಿಯರು ಹಿಂದಿನ ಸಂಜೆಯೇ ಕಾದು ಕಾದು ಎದ್ದು ಹೋಗಿದ್ದರು. ಅತ್ತೆ ಬಾಗಿಲಲ್ಲೇ ನಿಂತಿದ್ದಳು.

“ಸಂಜೀ ಬಸ್ಸು ತಪ್ಪೋತು ಕಣವ್ವ. ಬೇರೆ ಇರಲಿಲ್ಲ,” ಅಂದ ಅಪ್ಪ.

“ನಿನ್ನೆ ಮೂರು ಬಸ್ಸು ಬಂದು ಹೋದ್ವಣ್ಣ. ಒಂದೊಂದಕ್ಕೂ ಬೀದಿಗೆ ಬಂದು ನೋಡೀನಿ.”

ಅಪ್ಪ ನನ್ನ ಕಡೆ ತಿರುಗಿದ. ಒಂದೇ ಸಲ. ನಾನು ನೆಲ ನೋಡಿದೆ. ಅವನಿಗೆ ತಿಳಿದುಹೋಯಿತು.

“ತಪ್ಪು ನಂದೇ ಕಣವ್ವ. ದುರ್ಗದಾಗೆ ನಿದ್ದೆ ಹೋಗ್ಬಿಟ್ಟೆ.”

“ನನ್ನ ಮಗಳಿಗಿಂತ ನಿದ್ದೆ ದೊಡ್ಡದಾತೇನಣ್ಣ ನಿನಗೆ?”

ಅಣ್ಣ-ತಂಗಿಯ ಮಾತು ಅಲ್ಲಿಗೇ ಮುಗಿಯಿತು. ಆ ಸಂಬಂಧ ಮುರಿಯಿತು, ವರ್ಷದೊಳಗೆ ರತ್ನ ನಮ್ಮ ಮನೆಗೆ ಬಂದಳು. ಅತ್ತೆ ಮದುವೆಗೆ ಬರಲಿಲ್ಲ. ಅಣ್ಣನ ಮಣ್ಣಿಗೂ ಬರಲಿಲ್ಲ. ಅವಳ ಮಗಳು ಹೊಸದುರ್ಗದ ಕಡೆ ಚೆನ್ನಾಗಿದ್ದಾಳಂತೆ — ಅದನ್ನು ಹೇಳಿಕೊಂಡು ನಾನು ಹಗುರಾಗಬಾರದು. ಅಪ್ಪ ಸಾಯುವವರೆಗೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

“ಬಸ್ಸು ತಪ್ಪಿದ್ದಕ್ಕೇ ನಾನು ಇವರಿಗೆ ಸಿಕ್ಕಿದ್ದು” ಅಂತ ರತ್ನ ಎಲ್ಲರನ್ನೂ ನಗಿಸುತ್ತಿದ್ದಳು. ನಿನ್ನೆ ಕೂಸಿಗೂ ಅದನ್ನೇ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅವಳು ಕೂಸನ್ನು ನನ್ನ ಮಡಿಲಿಂದ ಎತ್ತಿಕೊಂಡಳು.

“ನಿಮ್ಮತ್ತೆ ಇನ್ನೂ ಬದುಕಿದಾರೆ. ಹೋಗಿ ಹೇಳಿ ಬರ್ರಿ. ಅಲ್ಲಿಗಂಟ ಇದನ್ನ ನಿಮ್ಮ ಕೈಗೆ ಕೊಡಲ್ಲ.”

ಆ ಸುಳ್ಳು ಇಲ್ಲದಿದ್ದರೆ ಈ ಕೂಸೂ ಇಲ್ಲ. ಅದು ಆಗಲೇಬಾರದಿತ್ತು ಅಂತ ಬಾಯಿ ತುಂಬ ಅನ್ನಲಾರೆ — ಅದೂ ನನ್ನ ತಪ್ಪಿನೊಳಗೇ ಸೇರಿತು. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಅತ್ತೆ ಹೊಸಿಲು ದಾಟಲು ಬಿಡದಿದ್ದರೆ ಬೀದಿಯಲ್ಲೇ ನಿಂತು ಹೇಳುತ್ತೇನೆ: ನಿನ್ನ ಅಣ್ಣ ನಿದ್ದೆ ಹೋಗಿರಲಿಲ್ಲ ಅತ್ತೆ. ಅವತ್ತು ದಿನವಿಡೀ ನಿನ್ನ ಊರಿನ ಬಸ್ಸನ್ನೇ ಕೇಳುತ್ತಿದ್ದ.