ಬಾದಾಮಿಯಲ್ಲಿ ಇಳಿದ ಅಪ್ಪ

ನಮ್ಮ ಕಡೆಯ ಮೀಟರ್‌ಗೇಜ್ ಹಳಿಗಳ ಮೇಲೆ ಡೀಸೆಲ್ ಎಂಜಿನ್‌ಗಳು ಆಗಷ್ಟೇ ಕಾಣಿಸಿಕೊಳ್ಳುತ್ತಿದ್ದ ಎಂಬತ್ತರ ದಶಕ. ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಉಳಿದು ಬಿ.ಎ. ಓದುತ್ತಿದ್ದೆ. ಅವ್ವನ ಎಡಗೈ ಜೋಮು ಹಿಡಿದಿದೆಯೆಂದು ಅಪ್ಪ ಅವಳನ್ನು ಹುನಗುಂದದಿಂದ ಬಸ್ಸಿನಲ್ಲಿ ಕರೆತಂದರು. ಡಾಕ್ಟರು ರಕ್ತದೊತ್ತಡ ನೋಡಿದವರೇ, "ತಡಾ ಮಾಡಬ್ಯಾಡ್ರಿ, ಹುಬ್ಬಳ್ಳಿಗೆ ಒಯ್ಯಿರಿ" ಅಂದರು. ಬಸ್ಸಿನ ಕುಲುಕಾಟಕ್ಕೆ ಅವ್ವ ಅರ್ಧ ಹಾದಿಯ ಕಮತಗಿ ಬರುವುದರೊಳಗೇ ಸೋತುಹೋಗಿದ್ದಳಂತೆ. ಮಲಗಿಸಿಕೊಂಡು ಹೋಗಬಹುದೆಂದು ನಾವು ಪ್ಯಾಸೆಂಜರ್ ರೈಲು ಹಿಡಿದೆವು.

ಕಟ್ಟಿಗೆಯ ಬೆಂಚಿನ ಮೇಲೆ ಕೌದಿ ಹಾಸಿ ಅವ್ವನನ್ನು ಮಲಗಿಸಿದೆ. ತಲೆ ನನ್ನ ತೊಡೆಯ ಮೇಲಿತ್ತು. ಬಾದಾಮಿ ಬಂದಾಗ ಅವಳು ನೀರು ಕೇಳಿದಳು. ತಂದಿದ್ದ ನೀರು ಮುಗಿದಿತ್ತು.

"ತರ್ತೇನಿ ತಡಿ," ಎಂದು ಅಪ್ಪ ಇಳಿದರು.

ಅವರು ಜೀವನವಿಡೀ ಉಗಿಬಂಡಿಯಲ್ಲಿ ಓಡಾಡಿದವರು. ಅದು ಹೊರಡುವ ಮುಂಚೆ ಬುಸುಗುಟ್ಟುತ್ತಿತ್ತು, ಮೆಲ್ಲಗೆ ಗಾಲಿ ಉರುಳಿಸುತ್ತಿತ್ತು. ನಡೆದುಕೊಂಡು ಬಂದರೂ ಹತ್ತಬಹುದಿತ್ತು. ಡೀಸೆಲ್ ಬಂಡಿ ಹಾಗಲ್ಲ. ಒಮ್ಮೆ ಕೂಗಿತು, ಜಗ್ಗಿತು, ವೇಗ ಹಿಡಿದೇಬಿಟ್ಟಿತು. ನಲ್ಲಿಯ ಹತ್ತಿರದಿಂದ ಅಪ್ಪ ಓಡಿಬರುವುದು ಕಿಟಕಿಯಲ್ಲಿ ಕಂಡಿತು. ಒಂದು ಕೈಯಿಂದ ಧೋತರ ಎತ್ತಿ ಹಿಡಿದಿದ್ದರು. ಆಮೇಲೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತುಬಿಟ್ಟರು.

ಎದುರಿಗೆ ಕುಳಿತಿದ್ದ ಜವಳಿ ವ್ಯಾಪಾರಿಯೊಬ್ಬರು ಸರಪಳಿ ಎಳೆಯಲು ಎದ್ದರು. ಅದಿರಬೇಕಾದ ಜಾಗದಲ್ಲಿ ಬರೀ ಕೊಕ್ಕೆ ಇತ್ತು. ಬಾಗಿಲಲ್ಲಿ ನಿಂತು ಕೈಬೀಸಿ ಕೂಗಿದರು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ನಾನು ಏಳುವಂತಿರಲಿಲ್ಲ.

"ನಿಮ್ಮಪ್ಪ ಹತ್ಯಾರೇನು?" ಅವ್ವ ಕೇಳಿದಳು.

"ಹತ್ಯಾರವ್ವಾ. ಹಿಂದಿನ ಡಬ್ಬಿಯೊಳಗ ಅದಾರ. ಮುಂದಿನ ಸ್ಟೇಷನ್ನಿಗೆ ಇಳಿದು ಬರ್ತಾರ."

ವ್ಯಾಪಾರಿ ತಮ್ಮ ತಂಬಿಗೆ ಚಾಚಿದರು. ಅವ್ವ ಮುಖ ಹೊರಳಿಸಿದಳು. "ಅವ್ರು ತರಾಕ ಹೋಗ್ಯಾರಲ್ಲ. ಬರ್ಲಿ."

ಹೊಳೆಆಲೂರಿನಲ್ಲಿ ಅವಳು ಬಾಗಿಲನ್ನೇ ನೋಡಿದಳು. ಬೆಲ್ಲದ ಪೆಂಟಿ ಹೊತ್ತವರು ಹತ್ತಿದರು, ಕೂಸು ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು ಹತ್ತಿದಳು. ವ್ಯಾಪಾರಿ ಸ್ಟೇಷನ್ ಮಾಸ್ತರರ ಹತ್ತಿರ ಓಡಿಹೋಗಿ ಬಂದು ನನ್ನ ಕಿವಿಯಲ್ಲಿ ಹೇಳಿದರು: "ಬಾದಾಮಿಗೆ ಫೋನ್ ಮಾಡ್ಯಾರ್ವಾ. ನಿಮ್ಮಪ್ಪ ಮುಂದಿನ ಗಾಡಿಗೆ ಬರ್ತಾರ. ಇಲ್ಲಿ ಇಳೀಬ್ಯಾಡ, ಇಲ್ಲಿ ಡಾಕ್ಟರಿಲ್ಲ."

ಅವ್ವನಿಗೆ ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗಾಡಿ ಬಿಟ್ಟಿತು.

"ಇನ್ನೂ ಬರಲಿಲ್ಲಲ್ಲ," ಅಂದಳು ಅವ್ವ.

ಅದೇ ಅವಳ ಕಡೆಯ ಸ್ಪಷ್ಟ ಮಾತು. ಗದಗ ಬರುವ ಮುಂಚೆಯೇ ಬಾಯಿ ಒಂದು ಕಡೆ ವಾಲಿತು. ಜೊಲ್ಲು ನನ್ನ ಸೀರೆಯ ಮೇಲಿಳಿಯಿತು. ಏನೋ ಹೇಳುತ್ತಿದ್ದಳು, ತಿಳಿಯುತ್ತಿರಲಿಲ್ಲ. ನಾನು ಅವಳ ಕೈ ತಿಕ್ಕುತ್ತ ಕುಳಿತೆ. ಹೊರಗೆ ಎರೆಹೊಲಗಳು ಹಿಂದೆ ಸರಿಯುತ್ತಿದ್ದವು. ಹೊರಟಾಗ ಅಷ್ಟು ಅವಸರ ಮಾಡಿದ್ದ ಗಾಡಿ ಈಗ ಸಣ್ಣಪುಟ್ಟ ಸ್ಟೇಷನ್ನುಗಳಲ್ಲೆಲ್ಲ ನಿಂತು ನಿಂತು ಹೋಗುತ್ತಿತ್ತು.

ಹುಬ್ಬಳ್ಳಿಯಲ್ಲಿ ವ್ಯಾಪಾರಿಯೇ ಟಾಂಗಾ ಮಾಡಿಸಿ ನಮ್ಮನ್ನು ದವಾಖಾನೆಗೆ ಮುಟ್ಟಿಸಿದರು. ಅಪ್ಪ ಬಂದಾಗ ಸಂಜೆಯಾಗಿತ್ತು. ಮಂಚದ ಹತ್ತಿರ ಬಂದು ಅವ್ವನ ಮುಖ ನೋಡಿದವರು ಹಾಗೆಯೇ ನೆಲದ ಮೇಲೆ ಕುಳಿತರು.

"ಏನರೆ ಅಂದ್ಲೇನು?" ಎಂದು ಕೇಳಿದರು.

"ನಿಮ್ಮ ಹಾದಿನ ನೋಡ್ಕೋತ ಇದ್ಲು," ಅಂದೆ.

ಅವ್ವ ಉಳಿದಳು, ಮಾತು ಮಾತ್ರ ಮರಳಲಿಲ್ಲ. ರಜೆಗೆ ಹುನಗುಂದಕ್ಕೆ ಹೋದಾಗಲೆಲ್ಲ ಅಪ್ಪ ಅವಳಿಗೆ ಗಂಜಿ ಕುಡಿಸುತ್ತ ಅದನ್ನೇ ಹೇಳುವುದು ಕೇಳಿಸುತ್ತಿತ್ತು: "ನಲ್ಲಿ ಮುಂದ ಭಾಳ ಮಂದಿ ಇದ್ರು. ಖರೇನ ಓಡಿ ಬಂದೆ ನಾ, ಸಿಗಲಿಲ್ಲ." ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಗಾಡಿ ತಪ್ಪಿಸಿಕೊಂಡದ್ದು ಅವಳಿಗೆ ತಿಳಿಯಿತೋ ಇಲ್ಲವೋ, ಅಪ್ಪನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.