ಹನ್ನೊಂದು ವರ್ಷ ಇಳಿದ ಗೆರೆ

ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಬಾಕಿ ಇದ್ದಾಗಿನ ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕಿನ ಕಾರ್ಖಾನೆಗಳಿಂದ ಹೊರಬೀಳುವ ಮೀಥೇನ್ ಅಳೆಯುವ ಕ್ಷೇತ್ರಾಧಿಕಾರಿ ನಾನು. ಕಾರ್ಖಾನೆಯ ಕೊಳಕು ನೀರು ಹೊಂಡದಲ್ಲಿ ನಿಂತು ಕೊಳೆತಾಗ ತಳದಿಂದ ಗುಳ್ಳೆ ಏಳುತ್ತವೆ. ಆ ಗುಳ್ಳೆಗಳಲ್ಲಿ ಇರುವ ಅನಿಲವೇ ಮೀಥೇನ್. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೂಗು ಮುಚ್ಚಿಸುವುದು ಅದರ ಜೊತೆಗೆ ಏಳುವ ಬೇರೆ ಅನಿಲಗಳು. ಆದರೆ ಭೂಮಿಯ ಬಿಸಿ ಏರಿಸುವ ಕೆಲಸದಲ್ಲಿ ಮೀಥೇನ್ ಬಲು ಚುರುಕು.

ಅಳೆಯುವ ಕ್ರಮ ಸರಳ. ತಳವಿಲ್ಲದ ಪೆಟ್ಟಿಗೆಯೊಂದನ್ನು ಹೊಂಡದ ಮೇಲೆ ತೇಲಿಬಿಟ್ಟು, ಅರ್ಧ ಗಂಟೆ ಕಾದು, ಒಳಗೆ ಕೂಡಿದ ಗಾಳಿಯನ್ನು ಸಿರಿಂಜಿನಲ್ಲಿ ಎಳೆದುಕೊಂಡು ಲ್ಯಾಬಿಗೆ ಒಯ್ಯುವುದು. ಪ್ರತಿ ಬೇಸಿಗೆಗೆ ಒಂದು ಸಲ ಅಳತೆ, ಗ್ರಾಫಿನಲ್ಲಿ ಒಂದು ಚುಕ್ಕಿ. ನಮ್ಮಲ್ಲೇ ದೊಡ್ಡ ಹೊಂಡವಿದ್ದದ್ದು ಮೆಕ್ಕೆಜೋಳದಿಂದ ಸ್ಟಾರ್ಚ್ ತೆಗೆಯುವ ಒಂದು ಕಾರ್ಖಾನೆಯಲ್ಲಿ. ಹೆಸರು ಬೇಡ. ಅಲ್ಲಿಯ ನನ್ನ ಹನ್ನೊಂದು ಚುಕ್ಕಿಗಳೂ ವರ್ಷದಿಂದ ವರ್ಷಕ್ಕೆ ಕೆಳಗಿಳಿದಿದ್ದವು. ಆ ಗ್ರಾಫನ್ನು ಕಚೇರಿಯ ಗೋಡೆಗೆ ಹಾಕಿಸಿ, ಮಗಳ ಮದುವೆ ಆಲ್ಬಂ ತೋರಿಸುವವರ ಹಾಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ.

ಅಷ್ಟರಲ್ಲಿ ನಿರ್ಮಲಾ ಬಂದಳು. ಹಡಗಲಿ ಕಡೆಯ, ಕುರಿ ಸಾಕುವ ಮನೆಯ ಹುಡುಗಿ. ಎಂ.ಎಸ್ಸಿ. ಮುಗಿಸಿ ನೇರವಾಗಿ ನನ್ನ ಪಕ್ಕದ ಕುರ್ಚಿಗೇ ಬಂದಿದ್ದಳು. ಕೈಯಲ್ಲಿ ಲೇಸರ್ ಮೀಟರ್. ಹೊಂಡದ ದಂಡೆಯಲ್ಲಿ ನಿಂತು ಗುಂಡಿ ಒತ್ತಿದರೆ ಅಂಕಿ ಬರುತ್ತಿತ್ತು. ಹನ್ನೊಂದು ವರ್ಷ ನನ್ನ ವರದಿಗಳ ಮೇಲೆ ‘ನೋಡಲಾಗಿದೆ’ ಎಂದಷ್ಟೇ ಬರೆದ ನಮ್ಮ ನಿರ್ದೇಶಕರು ಅವಳ ಮೊದಲ ವರದಿಗೇ ಎಲ್ಲರೆದುರು ಶಹಬ್ಬಾಸ್ ಅಂದರು. ನನಗೆ ಹೊಟ್ಟೆ ಉರಿಯಿತು. ಮುಚ್ಚಿಟ್ಟು ಏನು ಪ್ರಯೋಜನ, ಅವಳ ಕೈಬರಹ ದುಂಡಗಿದ್ದದ್ದಕ್ಕೂ ಉರಿಯಿತು.

ಐದು ತಾಲ್ಲೂಕಿನ ದೀರ್ಘಾವಧಿ ವರದಿ ಕಳಿಸುವ ಸಮಯ ಬಂತು. ಇಬ್ಬರೂ ಸಹಿ ಹಾಕಬೇಕು. ಗೆರೆ ಇಳಿದಿದೆ ಎಂದು ಬರೆದರೆ ಸ್ಟಾರ್ಚ್ ಕಾರ್ಖಾನೆಯ ಆ ಹೊಂಡವನ್ನು ಹಾಗೆಯೇ ಬಿಡಬಹುದು. ಏರಿದೆ ಎಂದರೆ ಕಾರ್ಖಾನೆಯವರು ಅದಕ್ಕೆ ಹೊದಿಕೆ ಹಾಕಿ ಅನಿಲ ಹಿಡಿಯಲೇಬೇಕು. ನಾನು ಸಹಿ ಹಾಕಿ ಕೊಟ್ಟೆ. ಅವಳು ಪೆನ್ನು ಕೆಳಗಿಟ್ಟಳು.

“ಸರ್, ಗೆರಿ ಇಳಿದಿಲ್ರಿ. ಮೂರು ಸಲ ಹೋಗಿ ಬಂದೀನಿ. ಮೂರೂ ಸಲ ನಿಮ್ಮ ಮೊದಲನೇ ವರ್ಷದ ಅಂಕಿಗಿಂತ ಜಾಸ್ತಿನ ಐತ್ರಿ.”

“ಮಿಷನ್ ಹೊಸಾದು ನೋಡವ್ವಾ. ಇನ್ನಾ ಬುದ್ಧಿ ಬಂದಿಲ್ಲ ಅದಕ್ಕ,” ಎಂದು ನಕ್ಕೆ. ಅವಳು ನಗಲಿಲ್ಲ.

ಅವಳನ್ನು ಸುಳ್ಳು ಮಾಡಲೇಬೇಕೆಂದು ಮರುದಿನವೇ ನನ್ನ ಪೆಟ್ಟಿಗೆ ಹೊತ್ತು ಹೊರಟೆ. ಹಿಂದಿನ ದಿನ ಫೋನ್ ಮಾಡಿ ಹೋಗುವುದು ನನ್ನ ಪದ್ಧತಿ. ಅವಳು ಹೇಳದೆ ಕೇಳದೆ ಹೋಗುತ್ತಿದ್ದಳು, ಅದನ್ನು ನಾನು ಮ್ಯಾನರ್ಸ್ ಇಲ್ಲದ ನಡತೆ ಎಂದು ಆಡಿಕೊಂಡಿದ್ದೂ ಇದೆ. ಈ ಸಲ ಅವಳಿಗೆ ಮಾತಾಡಲು ಜಾಗ ಇರಬಾರದೆಂದು ನಾನೂ ಹೇಳದೆಯೇ ಹೋದೆ.

ಗೇಟಿನಲ್ಲೇ ನಾತ ಮುಖಕ್ಕೆ ಹೊಡೆಯಿತು. ಇಷ್ಟು ವರ್ಷ ಹೊಂಡದ ಪಕ್ಕದ ಬೇವಿನ ನೆರಳಲ್ಲಿ ಕೂತು ಮಂಡಕ್ಕಿ, ಮಿರ್ಚಿ ತಿಂದವನು ನಾನು. ಇಂಥ ನಾತ ಕಂಡ ನೆನಪಿರಲಿಲ್ಲ. ಹೊಂಡ ನೋಡಿಕೊಳ್ಳುವ ಕೊಟ್ರಪ್ಪ ಓಡಿ ಬಂದ.

“ಅಯ್ಯ ಸಾಹೇಬ್ರ, ಒಂದು ಫೋನ್ ಮಾಡಬಾರದೇನ್ರಿ? ಸುಣ್ಣ ಹಾಕಿಲ್ಲಲ್ರಿ!”

“ಯಾವ ಸುಣ್ಣ?”

“ನೀವು ಬರೂ ಹಿಂದಿನ ದಿನ ಹೊಂಡಕ್ಕ ಹಾಕ್ತೀವಲ್ರಿ. ಮೊದಲನೇ ವರ್ಷ ನೀವು ನಾತಕ್ಕ ಮಂಡಕ್ಕಿ ಅಷ್ಟಕ್ಕ ಬಿಟ್ಟು ಎದ್ದು ಹೋದ್ರಿ. ಬಂದೋರು ಹಂಗ ಎದ್ದು ಹೋದ್ರ ನಮಗ ಚಂದೇನ್ರಿ? ವರ್ಷಾ ಒಂದೊಂದು ಚೀಲ ಜಾಸ್ತಿ ಮಾಡಕೊಂತ ಬಂದೀನ್ರಿ.”

ಸುಣ್ಣ ಬಿದ್ದ ನೀರಿನಲ್ಲಿ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಮಂಕಾಗುತ್ತವೆ, ಗುಳ್ಳೆ ನಿಲ್ಲುತ್ತವೆ. ನಾಲ್ಕು ದಿನ ಕಳೆದರೆ ಮತ್ತೆ ಮೊದಲಿನಂತೆಯೇ. ನನ್ನ ಗೋಡೆಯ ಮೇಲೆ ಹನ್ನೊಂದು ವರ್ಷ ಇಳಿದ ಗೆರೆ ಕೊಟ್ರಪ್ಪನ ಉಪಚಾರದ ಗೆರೆ.

“ಮೇಡಮ್ ಬಂದಾಗ ಯಾಕ ಹಾಕಲಿಲ್ಲ?” ಎಂದೆ.

“ಅವರು ಹೇಳದ ಬರ್ತಾರ್ರಿ. ಬಂದ್ರೂ ನಾತ ಅನ್ನಾಂಗಿಲ್ಲ. ಇಲ್ಲೇ ದಂಡಿ ಮ್ಯಾಗ ಕುಂತು ನನ್ನ ಬುತ್ತಿ ರೊಟ್ಟಿನ ತಿಂತಾರ್ರಿ.”

ಅದೂ ಚುಚ್ಚಿತು. ಹನ್ನೊಂದು ವರ್ಷದಲ್ಲಿ ಅವನ ಬುತ್ತಿಯಲ್ಲಿ ಏನಿರುತ್ತದೆಂದು ನಾನು ಕೇಳಿರಲಿಲ್ಲ.

ಪೆಟ್ಟಿಗೆ ತೇಲಿಬಿಟ್ಟು ಗಾಳಿ ತಂದೆ. ಲ್ಯಾಬಿನ ಅಂಕಿ ನಿರ್ಮಲಾಳ ಅಂಕಿಯ ಹತ್ತಿರಕ್ಕೇ ಬಂತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ, ಅವಳು ಮತ್ತೆ ಅಲ್ಲಿಗೆ ಹೊರಡುತ್ತಾಳೆಂದು ಗೊತ್ತಾದಾಗ, ಮೊಬೈಲಿನಲ್ಲಿ ಕೊಟ್ರಪ್ಪನ ಹೆಸರು ತೆಗೆದೆ. “ನಾಳೆ ಮೇಡಮ್ ಬರ್ತಾರ, ಸುಣ್ಣ ಹಾಕು” ಎಂದರೆ ಸಾಕಿತ್ತು. ಅವಳ ಅಂಕಿ ಬೀಳುತ್ತಿತ್ತು, ನನ್ನ ಗೆರೆ ಉಳಿಯುತ್ತಿತ್ತು. ಹೆಬ್ಬೆರಳು ಆ ಹೆಸರಿನ ಮೇಲೆ ಎಷ್ಟೋ ಹೊತ್ತು ನಿಂತಿತು. ಅವಳ ಮೇಲಿನ ಪ್ರೀತಿಗಲ್ಲ, ಕೊಟ್ರಪ್ಪ ಯಾಕೆಂದು ಕೇಳದೆ ಸುಣ್ಣ ಹಾಕುತ್ತಾನಲ್ಲ ಎಂಬ ನಾಚಿಕೆಗೆ ಫೋನ್ ಜೇಬಿಗೆ ಸೇರಿತು.

ನಿರ್ಮಲಾಳಿಗೆ ಎಲ್ಲ ಹೇಳಿದೆ. ನಗುತ್ತಾಳೆಂದುಕೊಂಡೆ. ಅವಳು ನೋಟ್‌ಬುಕ್ ತೆಗೆದು, “ಯಾವ ವರ್ಷ ಎಷ್ಟು ಚೀಲ ಅಂದ್ರಿ ಸರ್?” ಎಂದಳು.

ಆಮೇಲೆ ಕೊಟ್ರಪ್ಪನ ಜೊತೆ ಕೂತು ವರ್ಷವಾರು ಚೀಲ ಎಣಿಸಿದಳು. ಹೊಂಡದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಅಷ್ಟಷ್ಟೇ ಪ್ರಮಾಣದ ಸುಣ್ಣ ಹಾಕಿ, ಎಷ್ಟು ಸುಣ್ಣಕ್ಕೆ ಎಷ್ಟು ಅನಿಲ ಅಡಗುತ್ತದೆಂದು ಲೆಕ್ಕ ಹಿಡಿದಳು. ನನ್ನ ಹನ್ನೊಂದು ಚುಕ್ಕಿಗಳನ್ನು ಅಳಿಸದೆ, ಒಂದೊಂದರ ಪಕ್ಕ ಚೀಲದ ಸಂಖ್ಯೆ ಬರೆದು, ಮೇಲೆ ನಿಜವಾದ ಗೆರೆ ಎಳೆದಳು. ಅದು ಏರುತ್ತಲೇ ಹೋಗಿತ್ತು. ನನ್ನ ಹಳೆಯ ಸಹಿ ಹೊಡೆದುಹಾಕಿ ಹೊಸದಕ್ಕೆ ಸಹಿ ಮಾಡಿದೆ. ನಿರ್ದೇಶಕರು ಅವಳಿಗೆ ಮತ್ತೆ ಶಹಬ್ಬಾಸ್ ಅಂದರು. ಹೊಂಡಕ್ಕೆ ಹೊದಿಕೆ ಬಂತು.

ಅಳೆಯಲು ಹೋಗುವವನು ನೆಂಟನಾಗಿ ಹೋಗಬಾರದು. ನೌಕರಿ ನನಗೆ ಕಲಿಸಿದ್ದು ಇಷ್ಟು. ಹೊಟ್ಟೆಕಿಚ್ಚು ಆರಿದೆಯೇ ಎಂದು ಕೇಳಿದರೆ, ಇಲ್ಲ. ನನ್ನ ತಪ್ಪನ್ನೂ ನನಗಿಂತ ಚೆನ್ನಾಗಿ ಬಳಸಿಕೊಂಡಳಲ್ಲ ಎಂದು ಇವತ್ತಿಗೂ ಉರಿಯುತ್ತದೆ. ಆ ದಾರಿಯಲ್ಲಿ ಹೋದಾಗ ಈಗಲೂ ಕೊಟ್ರಪ್ಪನನ್ನು ಕಂಡು ಬರುತ್ತೇನೆ. ಕುರ್ಚಿ ಒರೆಸಿ ಕೂಡಿಸುತ್ತಾನೆ, ಓಡಿ ಹೋಗಿ ಮಂಡಕ್ಕಿ ತರುತ್ತಾನೆ. ರೊಟ್ಟಿ ಮಾತ್ರ ಇನ್ನೂ ಕೊಟ್ಟಿಲ್ಲ.