ಅನುಭವದ ಕಾಲಮ್ಮಿನಲ್ಲಿ ನಾನು ಬರೆದ ಪದ

ಪೀಣ್ಯಕ್ಕೆ ನಾನೂ ಒಬ್ಬ ನೇಕಾರ್ತಿಯೂ ಹೋದದ್ದು ಮಂಗಳವಾರವೆಂದು ನನ್ನ ದಿನಚರಿ ಹೇಳುತ್ತದೆ. ಮೊಬೈಲಿನಲ್ಲಿ ಉಳಿದಿರುವ ಮೆಟ್ರೊ ಟಿಕೆಟ್ಟಿನ ಪ್ರಕಾರ ಬುಧವಾರ. ದಿನಚರಿಯನ್ನು ಎರಡು ಮೂರು ದಿನಕ್ಕೊಮ್ಮೆ ಒಟ್ಟಿಗೆ ಬರೆಯುವವನಾದ್ದರಿಂದ ಟಿಕೆಟ್ಟನ್ನೇ ನಂಬುತ್ತೇನೆ. ಸಂಶೋಧನೆಯ ವೃತ್ತಿಯಿಂದ ನಿವೃತ್ತನಾದರೂ ತೇದಿಗಳನ್ನು ತಾಳೆ ನೋಡುವ ಚಟ ಬಿಟ್ಟಿಲ್ಲ. ಅದೇ ಚಟದಿಂದ ಆ ನೇಕಾರ್ತಿಯ ಕೆಲಸ ಕೈತಪ್ಪಿಹೋಗುವುದರಲ್ಲಿತ್ತು. ಹಾಗಾಗದಂತೆ ನೋಡಿಕೊಂಡ ಮೂವರು ಹೆಂಗಸರನ್ನು ನೆನೆಯಲು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಆ ನೇಕಾರ್ತಿಯೂ ಒಬ್ಬರು.

ಆಕೆ ಈಶಾನ್ಯದ ಗುಡ್ಡಗಾಡಿನವರು. ಬಂದೂಕು ಹಿಡಿದ ಗುಂಪುಗಳ ಕಾದಾಟದಲ್ಲಿ ಮನೆ, ಮಗ್ಗ, ಕಾಗದಪತ್ರ ಎಲ್ಲವೂ ಸುಟ್ಟುಹೋದ ಮೇಲೆ ಇಬ್ಬರು ಮಕ್ಕಳೊಂದಿಗೆ ಕಾಡುಗೋಡಿಗೆ ಬಂದು, ನಮ್ಮ ಪಕ್ಕದ ಮನೆಯ ಹಿತ್ತಲಿನ ರೂಮಿನಲ್ಲಿ ಬಾಡಿಗೆಗಿದ್ದರು. ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸುತ್ತಿದ್ದರು. ಮನೆಯ ಒಡತಿ ತಲೆತಲಾಂತರದಿಂದ ಅದೇ ಊರಿನವರು. ಚೀಲ ಹೊಲಿಯುವ ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಕೈಯಲ್ಲಿ ನೇಯ್ದ ಪಟ್ಟಿಗಳು ಬೇಕಾಗಿವೆಯೆಂದು ಎಲ್ಲಿಂದಲೋ ತಿಳಿದು ಅರ್ಜಿಯ ನಮೂನೆ ತರಿಸಿದವರು ಅವರೇ. ಪರಿಚಿತರೊಬ್ಬರು ಅದನ್ನು ತುಂಬಿ ಸಹಿ ಹಾಕಬೇಕಿತ್ತು. ಪುಸ್ತಕವಿರುವ ಮನೆಯವರೆಲ್ಲ ಒಡತಿಯ ಪಾಲಿಗೆ ಮೇಷ್ಟ್ರುಗಳೇ. ಹಾಗಾಗಿ ಅದು ನನ್ನ ಬಳಿಗೆ ಬಂತು.

‘ನೆಯ್ಗೆಯ ಅನುಭವ’ ಎಂಬ ಕಾಲಮ್ಮಿನಲ್ಲಿ ನನ್ನ ಪೆನ್ನು ನಿಂತಿತು. ನೇಯಲು ಕಲಿತದ್ದು ತನ್ನ ತಮ್ಮ ಹುಟ್ಟಿದ ವರ್ಷ ಎಂದು ಆಕೆ ಒಮ್ಮೆ ಹೇಳಿದ್ದರು. ಊರಿನ ಸೇತುವೆ ಕೊಚ್ಚಿಹೋದ ವರ್ಷ ಎಂದು ಇನ್ನೊಮ್ಮೆ. ಎರಡಕ್ಕೂ ಮೂರು ವರ್ಷಗಳ ಅಂತರ. ತಾಳೆಯಾಗದ ಸಂಖ್ಯೆಯನ್ನು ನಮೂದಿಸಲು ಮನಸ್ಸೊಪ್ಪದೆ, ‘ಸುಮಾರು’ ಎಂದಷ್ಟೇ ಬರೆದು, ಸಂಖ್ಯೆಗೆ ಜಾಗ ಬಿಟ್ಟು, ಆಕೆಯ ಸಹಿಯನ್ನೂ ಮಾಡಿಸಿಡಿ ಎಂದು ಒಡತಿಗೆ ಕೊಟ್ಟೆ. ಅವರು ಸಹಿ ಮಾಡಿಸಿದರು, ಫೋಟೊ ತೆಗೆದರು, ಅಂದೇ ಕಾರ್ಖಾನೆಗೆ ಕಳಿಸಿಯೂ ಬಿಟ್ಟರು. ಮರುದಿನ ಬೇಡವೆಂದು ಉತ್ತರ ಬಂತು.

ಒಡತಿ ಫೋನಿನಲ್ಲಿ ಕಾರಣ ಕೇಳಿಕೊಂಡು ನೇರವಾಗಿ ನನ್ನ ಬಾಗಿಲಿಗೆ ಬಂದರು.

“ಏನ್ ಮೇಷ್ಟ್ರೇ, ಆಯಮ್ಮನ ಕೆಲಸ ಸುಮಾರು ಅಂತ ಬರ್ದಿದ್ದೀರಂತಲ್ಲ. ಆಯಮ್ಮ ನೇಯೋದ್ನ ಒಂದ್ ಸಲ ನೋಡಿದ್ರಾ?”

ನೋಡಿರಲಿಲ್ಲ. ಅಂದಾಜು ಎಂಬ ಅರ್ಥದಲ್ಲಿ ನಾನು ಬರೆದ ‘ಸುಮಾರು’ ಪೀಣ್ಯದವರಿಗೆ ಅಷ್ಟಕ್ಕಷ್ಟೇ ಎಂದು ಕಂಡಿತ್ತು. ಕನ್ನಡದ ದಾಖಲೆಗಳ ನಡುವೆ ಆಯುಷ್ಯ ಕಳೆದವನಿಗೆ ಇದು ಹೊಳೆಯಬೇಕಿತ್ತು.

ಅದನ್ನು ಸರಿಪಡಿಸಲು ಆಕೆಯೊಂದಿಗೆ ಪೀಣ್ಯಕ್ಕೆ ಹೊರಟೆ. ಮೆಟ್ರೊದಲ್ಲಿ ಕುಳಿತು ನನ್ನ ತಪ್ಪನ್ನು ಆಕೆಗೆ ಹಿಂದಿಯಲ್ಲಿ ವಿವರಿಸಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಭಾಷೆಯಲ್ಲಿ ಇಷ್ಟು ಅಪಾಯದ ಪದ ಯಾವುದೂ ನೆನಪಾಗುತ್ತಿಲ್ಲ ಎಂದು ನಕ್ಕರು. ಮತ್ತೆ ಆ ಮಾತೆತ್ತಲಿಲ್ಲ. ಆ ಔದಾರ್ಯಕ್ಕೆ ನಾನು ಇಂದಿಗೂ ಋಣಿ.

ಕಾರ್ಖಾನೆಯ ಮೇಲ್ವಿಚಾರಕಿ ಬಾಗಲಕೋಟೆ ಕಡೆಯ ನೇಕಾರರ ಮನೆಯಲ್ಲಿ ಬೆಳೆದವರು. ನಾನೇ ಹಾಗೆ ಬರೆದುಕೊಟ್ಟ ಮೇಲೆ ತಾವು ಇನ್ನೇನು ತಿಳಿಯಬೇಕಿತ್ತೆಂದು ನನ್ನನ್ನು ಕೇಳಿದರು. ನಾನು ಸಮಜಾಯಿಷಿ ಕೊಡುತ್ತಿರುವಾಗಲೇ ನಮ್ಮ ನೇಕಾರ್ತಿ ಚೀಲ ಬಿಚ್ಚಿದರು. ರೂಮಿನಲ್ಲಿ ಬಿದಿರಿನ ಕಡ್ಡಿಗಳಿಂದ ತಾವೇ ಮಾಡಿಕೊಂಡಿದ್ದ ಮಗ್ಗ ಅದರಲ್ಲಿತ್ತು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಪಟ್ಟಿಯಿಂದ ಸೊಂಟಕ್ಕೆ ಬಿಗಿದುಕೊಂಡು ನೆಲದ ಮೇಲೆ ಕುಳಿತರು. ಮೈಯನ್ನು ಹಿಂದಕ್ಕೆ ವಾಲಿಸಿದೊಡನೆ ನೂಲುಗಳೆಲ್ಲ ಬಿಗಿಯಾದವು.

ಗೇಣುದ್ದ ಬಟ್ಟೆ ಬೆಳೆಯಿತು. ಮೇಲ್ವಿಚಾರಕಿ ಬಣ್ಣವನ್ನಾಗಲಿ ಚಿತ್ತಾರವನ್ನಾಗಲಿ ನೋಡದೆ, ಬಗ್ಗಿ, ಬಟ್ಟೆಯ ಅಂಚಿನುದ್ದಕ್ಕೂ ಉಗುರು ಎಳೆದರು.

“ಅಂಚ ನೋಡ್ರಿ ಸರ. ಎಲ್ಲೂ ಒಳಗ ಹೋಗಿಲ್ಲ, ನೆಟ್ಟಗ ಐತಿ. ನಮ್ಮವ್ವನ ಕೈ ಹಿಂಗ ಇತ್ತು.”

ಆಮೇಲೆ ಆಕೆಯ ಕಡೆ ತಿರುಗಿ, ಸೋಮವಾರದಿಂದ ಬರಲು ಹಿಂದಿಯಲ್ಲಿ ಹೇಳಿದರು.

ಕಾಡುಗೋಡಿಯಿಂದ ಪೀಣ್ಯಕ್ಕೆ ನಿತ್ಯ ಓಡಾಡುವುದು ಮಕ್ಕಳ ಶಾಲೆಯ ಹೊತ್ತಿಗೆ ಹೊಂದಲಿಲ್ಲ. ಆಕೆ ಪೀಣ್ಯದ ಪಕ್ಕದ ಟಿ. ದಾಸರಹಳ್ಳಿಯಲ್ಲಿ ರೂಮು ಹಿಡಿದರು. ಹೊರಡುವ ದಿನ ಒಡತಿ ತಮ್ಮ ಮನೆಯ ಪಾತ್ರೆಗಳಲ್ಲಿ ಅರ್ಧವನ್ನು ಹಳೆಯ ಸೀರೆಯೊಂದರಲ್ಲಿ ಮೂಟೆ ಕಟ್ಟುತ್ತ ನನ್ನನ್ನು ಬಿಡದೆ ಬೈಯುತ್ತಿದ್ದರು. ಕೆಲಸ ಕೆಡಿಸಿದ್ದೂ ನಾನೇ, ಕೊಡಿಸಿ ಅವರ ರೂಮು ಖಾಲಿ ಮಾಡಿಸಿದ್ದೂ ನಾನೇ ಅಂತೆ. ಕೊಡಿಸಿದ್ದು ನಾನಲ್ಲವೆಂದು ತಿದ್ದಲು ಹೋದೆ.

“ಅದೆಲ್ಲ ಆಮೇಲೆ ಬರ್ಕೊಳ್ಳಿ ಮೇಷ್ಟ್ರೇ. ಈಗ ಆ ಕಡೆ ಹಿಡೀರಿ.”

ಹಿಡಿದೆ.